ಹುಲ್ಲು ಕತ್ತರಿಸುವುದಕ್ಕೆ ತಕ್ಕ ಬೆಲೆ ಯಾವುದು?

ಧಾರವಾಡದಿಂದ ಸವದತ್ತಿಯ ಕಡೆಗೆ ಹೋಗುವ ದಾರಿಯಲ್ಲಿ ಅಮ್ಮಿನಬಾವಿ ಎಂಬ ಊರು ಸಿಕ್ಕುತ್ತದೆ. ಸುತ್ತಲೂ ಎರೆಮಣ್ಣಿನ ಹೊಲಗಳು. ಮುಂಗಾರಿನ ಮಳೆ ನಾಲ್ಕು ದಿನ ಚೆನ್ನಾಗಿ ಬಿದ್ದಿತೆಂದರೆ ಹೊಲದ ಬದುಗಳ ಮೇಲೆ ಹುಲ್ಲು ಹಸುರಾಗಿ ಏಳುತ್ತದೆ. ಎಮ್ಮೆ ಕಟ್ಟಿದವರು ಕುಡುಗೋಲು ಹಿಡಿದು ಬದುವಿಗೆ ಹೋಗಿ ಆ ಹುಲ್ಲನ್ನು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತರುತ್ತಾರೆ. ಕೊಯ್ದುದಕ್ಕಾಗಿ ಅವರಿಗೆ ಯಾರೂ ಹಣ ಕೊಡುವುದಿಲ್ಲ. ಹುಲ್ಲೇ ಅವರ ಕೂಲಿ. ಹೊಲ ತಮ್ಮದಲ್ಲವಾದರೆ ಅದರ ಒಡೆಯನ ಒಪ್ಪಿಗೆಯನ್ನೂ ಕೇಳಬೇಕಾಗುತ್ತದೆ.

ಅದೇ ಮಳೆ ಧಾರವಾಡದ ಬಡಾವಣೆಗಳ ಮೇಲೂ ಬೀಳುತ್ತದೆ. ಅಲ್ಲಿ ಮನೆಯ ಮುಂದೆ ಹುಲ್ಲುಹಾಸು ಬೆಳೆಸಿದವರಿಗೆ ಅದೊಂದು ಚಿಂತೆಯಾಗುತ್ತದೆ. ಹುಲ್ಲು ಕತ್ತರಿಸುವವನನ್ನು ಕರೆಸಬೇಕು. ಅವನು ಯಂತ್ರ ತಂದು ಕತ್ತರಿಸಬೇಕು. ಅವನಿಗೆ ಹಣ ಕೊಡಬೇಕು. ಕತ್ತರಿಸಿದ ಹುಲ್ಲು ಕಸದ ಗಾಡಿಗೆ ಹೋಗುತ್ತದೆ.

ಹುಲ್ಲು ಒಂದೇ, ಕೆಲಸವೂ ಒಂದೇ. ಆದರೆ ಹಳ್ಳಿಯಲ್ಲಿ ಕೊಯ್ಯುವವನಿಗೆ ಅದು ಗಳಿಕೆ, ಪಟ್ಟಣದಲ್ಲಿ ಕೊಯ್ಯಿಸುವವನಿಗೆ ಅದು ಖರ್ಚು. ಇದು ಹೇಗೆ? ಹುಲ್ಲು ಕತ್ತರಿಸುವ ಕೆಲಸಕ್ಕೆ ಮನೆಯವರು ಕೊಡುವ ಹಣದಲ್ಲಿ ಯಾವ ಯಾವ ಅಂಶಗಳು ಸೇರಿರುತ್ತವೆ? ಎಷ್ಟು ಕೊಟ್ಟರೆ ನ್ಯಾಯ? ಮೇಲುನೋಟಕ್ಕೆ ಇವು ಸಣ್ಣ ಪ್ರಶ್ನೆಗಳು. ಆದರೆ ಇವುಗಳನ್ನು ಬಿಡಿಸಹೊರಟರೆ ಸಸ್ಯಶಾಸ್ತ್ರ, ಗಣಿತ, ಭೌತಶಾಸ್ತ್ರ, ಅರ್ಥಶಾಸ್ತ್ರ ನಾಲ್ಕೂ ನಮ್ಮ ನೆರವಿಗೆ ಬರಬೇಕಾಗುತ್ತದೆ. ಒಂದೊಂದನ್ನಾಗಿ ನೋಡೋಣ.

ಕತ್ತರಿಸಿದರೂ ಬೆಳೆಯುವುದೇಕೆ?

ಹೆಸರಿನ ಗಿಡದ ಅಥವಾ ಹತ್ತಿಯ ಗಿಡದ ತುದಿಯನ್ನು ಚಿವುಟಿದರೆ ಆ ಕಾಂಡ ಅಲ್ಲಿಂದ ಮೇಲಕ್ಕೆ ಬೆಳೆಯುವುದಿಲ್ಲ. ಪಕ್ಕದ ಮೊಗ್ಗುಗಳಿಂದ ಬೇರೆ ಕವಲುಗಳು ಹೊರಡಬೇಕಾಗುತ್ತದೆ. ಅವುಗಳ ಬೆಳವಣಿಗೆಯ ನೆಲೆ ಇರುವುದು ಕಾಂಡದ ತುದಿಯಲ್ಲಿ. ಹುಲ್ಲಿನ ರೀತಿ ಬೇರೆ. ಅದರ ಎಲೆ ಉದ್ದವಾಗುವುದು ತುದಿಯಿಂದಲ್ಲ, ಬುಡದಿಂದ. ಹೊಸ ಜೀವಕೋಶಗಳನ್ನು ಹುಟ್ಟಿಸುವ ವರ್ಧನ ಅಂಗಾಂಶವು ಎಲೆಯ ಬುಡದಲ್ಲಿ, ನೆಲಕ್ಕೆ ಹತ್ತಿರವಾಗಿ ಅಡಗಿರುತ್ತದೆ. ಎಮ್ಮೆಯ ಬಾಯಿಯಾಗಲಿ ಯಂತ್ರದ ಅಲಗಾಗಲಿ ಅಲ್ಲಿಯವರೆಗೆ ತಲಪುವುದಿಲ್ಲ. ಆದುದರಿಂದ ತುದಿ ಹೋದರೂ ಎಲೆ ಬುಡದಿಂದ ಮೇಲಕ್ಕೆ ಬರುತ್ತಲೇ ಇರುತ್ತದೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಎಳೆಯ ಜೋಳದ ಗಿಡದಲ್ಲಿ ಅರ್ಧ ಹೊರಬಂದಿರುವ ಒಂದು ಎಲೆಯನ್ನು ಆರಿಸಿಕೊಳ್ಳಿರಿ. ಅದರ ಮೇಲೆ ಶಾಯಿಯಿಂದ ಒಂದು ಸೆಂಟಿಮೀಟರ್ ಅಂತರದಲ್ಲಿ ಎರಡು ಚುಕ್ಕೆಗಳನ್ನಿಡಿರಿ. ಮೂರು ದಿನಗಳ ತರುವಾಯ ನೋಡಿದರೆ ಎರಡು ಚುಕ್ಕೆಗಳೂ ಮೇಲಕ್ಕೆ ಹೋಗಿರುತ್ತವೆ. ಆದರೆ ಅವುಗಳ ನಡುವಣ ಅಂತರ ಹೆಚ್ಚಿರುವುದಿಲ್ಲ. ಚುಕ್ಕೆಗಳಿರುವ ಭಾಗ ತನ್ನ ಬೆಳವಣಿಗೆಯನ್ನು ಮುಗಿಸಿಯಾಗಿದೆ, ಅದನ್ನು ಬುಡವು ಮೇಲಕ್ಕೆ ತಳ್ಳುತ್ತಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ಕಡೆಯ ಹುಲ್ಲುಹಾಸುಗಳಲ್ಲಿ ಬಹಳವಾಗಿ ಕಾಣುವ ಹುಲ್ಲೆಂದರೆ ಗರಿಕೆ. ಧಾರವಾಡದ ಕಡೆ ಇದನ್ನು ಕರಿಕೆ ಎನ್ನುತ್ತಾರೆ. ಗಣೇಶನ ಪೂಜೆಗೆ ಬೇಕಾದ ದೂರ್ವೆಯೂ ಇದೇ. ಸಸ್ಯಶಾಸ್ತ್ರಜ್ಞರು ಇದಕ್ಕೆ ಸೈನೊಡಾನ್ ಡ್ಯಾಕ್ಟಿಲಾನ್ ಎಂದು ಹೆಸರಿಟ್ಟಿದ್ದಾರೆ. ನೆಲದ ಮೇಲೆ ಹರಿದಾಡುವ ಕಾಂಡ, ನೆಲದೊಳಗೆ ಹರಿಯುವ ಕಾಂಡ ಎರಡೂ ಇದಕ್ಕುಂಟು. ಗಿಣ್ಣು ಗಿಣ್ಣಿಗೂ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಹೊಲದಲ್ಲಿ ಇದನ್ನು ಕೀಳುವ ರೈತನಿಗೆ ಇದೇ ಗುಣ ದೊಡ್ಡ ಕಾಟ. ಹುಲ್ಲುಹಾಸು ಬಯಸುವವನಿಗೆ ಇದೇ ಗುಣ ವರ. ಬಿಸಿಲು, ಸೆಕೆ, ತೇವ ಮೂರೂ ಕೂಡಿದಾಗ ಇದು ಅತಿ ಬೇಗ ಬೆಳೆಯುತ್ತದೆ.

ಎಷ್ಟು ದಿನಕ್ಕೊಮ್ಮೆ ಕತ್ತರಿಸಬೇಕು?

ಹುಲ್ಲಿನ ಎಲೆಯೆಂದರೆ ಅದರ ಅಡಿಗೆಮನೆ. ಬಿಸಿಲಿನ ನೆರವಿನಿಂದ ಆಹಾರ ತಯಾರಾಗುವುದು ಅಲ್ಲಿಯೇ. ಒಂದೇ ಸಲಕ್ಕೆ ಎಲೆಗಳನ್ನೆಲ್ಲ ಬೋಳಿಸಿದರೆ ಗಿಡವು ಬೇರಿನಲ್ಲಿ ಕೂಡಿಟ್ಟ ಆಹಾರವನ್ನು ವೆಚ್ಚ ಮಾಡಿ ಹೊಸ ಎಲೆ ತೆಗೆಯಬೇಕಾಗುತ್ತದೆ. ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ. ಆದುದರಿಂದ ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದೆಂದು ತೋಟಗಾರಿಕೆಯನ್ನು ಬಲ್ಲವರು ಹೇಳುತ್ತಾರೆ.

ಈ ನಿಯಮದಿಂದ ಒಂದು ಲೆಕ್ಕ ಹೊರಡುತ್ತದೆ. ಹುಲ್ಲು 4 ಸೆಂಟಿಮೀಟರ್ ಎತ್ತರದಲ್ಲಿರಬೇಕೆಂದು ನಮ್ಮ ಅಪೇಕ್ಷೆಯಾದರೆ ಅದು 6 ಸೆಂಟಿಮೀಟರ್ ಆದಾಗ ಕತ್ತರಿಸಬೇಕು. 6ರಲ್ಲಿ 2 ಹೋದರೆ 4. ಎಂದರೆ ಎರಡು ಕತ್ತರಿಕೆಗಳ ನಡುವೆ ಹುಲ್ಲು 20 ಮಿಲಿಮೀಟರ್ ಬೆಳೆಯಲು ಅವಕಾಶವಿದೆ. ಮಳೆಗಾಲದಲ್ಲಿ ಹುಲ್ಲು ದಿನಕ್ಕೆ 3 ಮಿಲಿಮೀಟರ್ ಬೆಳೆಯುವುದೆಂದು ಹಿಡಿದರೆ ವಾರಕ್ಕೊಮ್ಮೆ ಯಂತ್ರ ಬರಬೇಕು. ನೀರಿಲ್ಲದ ಚಳಿಗಾಲದಲ್ಲಿ ದಿನಕ್ಕೆ ಅರ್ಧ ಮಿಲಿಮೀಟರ್ ಎಂದು ಹಿಡಿದರೆ 40 ದಿನಕ್ಕೊಮ್ಮೆ ಬಂದರೆ ಸಾಕು. ವರ್ಷದ ಖರ್ಚನ್ನು ನಿರ್ಧರಿಸುವುದು ಒಂದು ಸಲದ ದರವೊಂದೇ ಅಲ್ಲ. ಹುಲ್ಲು ಬೆಳೆಯುವ ವೇಗವೂ ಹೌದು. ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಇದರಿಂದ ಪ್ರಯೋಜನವಿದೆ.

ಬಟ್ಟೆಯ ಗಿರಣಿಯಿಂದ ಬಂದ ಯಂತ್ರ

ಹಿಂದೆ ಇಂಗ್ಲೆಂಡಿನ ಸಿರಿವಂತರ ಹುಲ್ಲುಹಾಸುಗಳನ್ನು ಉದ್ದ ಹಿಡಿಯ ದೊಡ್ಡ ಕುಡುಗೋಲಿನಿಂದ ಆಳುಗಳು ಕೊಯ್ಯುತ್ತಿದ್ದರು. ಇಬ್ಬನಿಯಿಂದ ತೊಯ್ದ ಹುಲ್ಲು ಅಲಗಿಗೆ ಚೆನ್ನಾಗಿ ಸಿಕ್ಕುವುದೆಂದು ನಸುಕಿನಲ್ಲಿಯೇ ಕೆಲಸ ಆರಂಭವಾಗುತ್ತಿತ್ತು. ಸಮನಾಗಿ ಕೊಯ್ಯಲು ಬಹಳ ಕೌಶಲ ಬೇಕಾಗಿತ್ತು. ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಎಂಬ ಊರಿನ ಸುತ್ತಮುತ್ತ ಆಗ ಉಣ್ಣೆಬಟ್ಟೆಯ ಗಿರಣಿಗಳಿದ್ದುವು. ನೆಯ್ದ ಬಟ್ಟೆಯ ಮೇಲೆ ಎದ್ದುನಿಂತ ನವಿರನ್ನು ಕತ್ತರಿಸಿ ನುಣುಪು ಮಾಡಲು ಅಲ್ಲಿ ಉರುಳೆಯ ಸುತ್ತ ಅಲಗುಗಳನ್ನು ಜೋಡಿಸಿದ ಯಂತ್ರವಿತ್ತು. ಇದನ್ನು ಕಂಡ ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರ ಕುಶಲಿಯು ಬಟ್ಟೆಯ ನವಿರನ್ನು ಕತ್ತರಿಸುವ ಉಪಾಯದಿಂದ ನೆಲದ ನವಿರನ್ನೇಕೆ ಕತ್ತರಿಸಬಾರದೆಂದು ಯೋಚಿಸಿದನು. 1830ರಲ್ಲಿ ಅವನ ಯಂತ್ರಕ್ಕೆ ಪೇಟೆಂಟು ದೊರೆಯಿತು. ಎರಡೇ ವರ್ಷಗಳಲ್ಲಿ ಇಪ್ಸ್‌ವಿಚ್ ಪಟ್ಟಣದ ರಾನ್ಸಮ್ಸ್ ಕಾರ್ಖಾನೆಯವರು ಅಂಥ ಯಂತ್ರಗಳನ್ನು ತಯಾರಿಸತೊಡಗಿದರು.

ಉರುಳೆಯ ಯಂತ್ರವು ಕತ್ತರಿಯಂತೆ ಕೆಲಸ ಮಾಡುತ್ತದೆ: ತಿರುಗುವ ಅಲಗು, ನಿಂತ ಅಲಗು ಇವೆರಡರ ನಡುವೆ ಎಲೆ ಸಿಕ್ಕಿ ತುಂಡಾಗುತ್ತದೆ. ಈಗ ಹೆಚ್ಚಾಗಿ ಕಾಣುವ ಯಂತ್ರದಲ್ಲಿ ಒಂದೇ ಅಲಗು ನೆಲಕ್ಕೆ ಸಮಾನಾಂತರವಾಗಿ ಅತಿ ವೇಗದಿಂದ ತಿರುಗಿ ಎಲೆಯನ್ನು ಹೊಡೆದು ತುಂಡರಿಸುತ್ತದೆ. ಈ ಅಲಗು ಮೊಂಡಾಗಿದ್ದರೆ ಎಲೆಯ ತುದಿ ತುಂಡಾಗುವುದರ ಬದಲು ಹರಿದು ಕಂದುತ್ತದೆ. ಆದುದರಿಂದ ಅಲಗನ್ನು ಆಗಾಗ ಮಸೆಯಬೇಕು. ಮಸೆಯುವುದಕ್ಕೆ ತಗಲುವ ಸಮಯವೂ ಹಣವೂ ಮನೆಯೊಡೆಯನ ಕಣ್ಣಿಗೆ ಬೀಳುವುದಿಲ್ಲ.

ಒಂದು ಗುಂಟೆಯ ಲೆಕ್ಕ

ಈಗ ಒಂದು ಗುಂಟೆಯ ಹುಲ್ಲುಹಾಸನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ, 1089 ಚದರಡಿ. ಯಂತ್ರದ ಅಲಗು 14 ಅಂಗುಲ ಅಗಲವಿದೆಯೆನ್ನೋಣ. ನಡುವೆ ಹುಲ್ಲು ಉಳಿಯದಂತೆ ಪ್ರತಿ ಸಾಲೂ ಹಿಂದಿನ ಸಾಲಿನ ಮೇಲೆ 2 ಅಂಗುಲ ಹಾಯಬೇಕು. ಉಳಿದದ್ದು 12 ಅಂಗುಲ, ಎಂದರೆ ಒಂದಡಿ. ಹೀಗಾಗಿ ಯಂತ್ರವನ್ನು ತಳ್ಳುವವನು 33 ಸಾಲುಗಳಲ್ಲಿ ಒಟ್ಟು 1089 ಅಡಿ, ಸುಮಾರು 332 ಮೀಟರ್ ನಡೆಯಬೇಕು. ಗಂಟೆಗೆ 2 ಕಿಲೋಮೀಟರ್ ವೇಗದಲ್ಲಿ ನಡೆದರೆ ಇದಕ್ಕೆ 10 ನಿಮಿಷ. ಪ್ರತಿ ಸಾಲಿನ ಕೊನೆಯಲ್ಲಿ ಯಂತ್ರವನ್ನು ಹೊರಳಿಸಲು 10 ಸೆಕೆಂಡ್ ಬೇಕಾದರೆ ಮತ್ತೆ ಐದಾರು ನಿಮಿಷ. ಒಟ್ಟು 16 ನಿಮಿಷ.

ದಿನಗೂಲಿ 8 ಗಂಟೆಗೆ 600 ರೂಪಾಯಿ ಎಂದು ಹಿಡಿಯೋಣ. (ಇಲ್ಲಿಂದ ಮುಂದಿನ ಸಮಯ ಮತ್ತು ರೂಪಾಯಿಗಳ ಅಂಕೆಗಳೆಲ್ಲ ಲೆಕ್ಕದ ರೀತಿಯನ್ನು ತೋರಿಸಲು ಹಿಡಿದವು, ನಿಮ್ಮ ಊರಿನ ದರಗಳನ್ನು ನೀವು ಹಾಕಿಕೊಳ್ಳಬಹುದು.) ಆಗ ಒಂದು ನಿಮಿಷದ ಕೂಲಿ ಒಂದೂಕಾಲು ರೂಪಾಯಿ. 16 ನಿಮಿಷಕ್ಕೆ 20 ರೂಪಾಯಿ! ಕಿಟಕಿಯಿಂದ ನೋಡುತ್ತಿರುವ ಮನೆಯೊಡೆಯನು ಇದೇ ಲೆಕ್ಕವನ್ನು ಹಾಕುತ್ತಾನೆ. ಆದುದರಿಂದಲೇ ಕೆಲಸದವನು ಇನ್ನೂರು ಮುನ್ನೂರು ಕೇಳಿದಾಗ ಇದೆಂಥ ದುಬಾರಿಯೆಂದು ಅವನಿಗೆ ತೋರುತ್ತದೆ.

ಆದರೆ ಯಂತ್ರ ಓಡಿದ ಹೊತ್ತು ಕೆಲಸದ ಒಂದು ಭಾಗ ಮಾತ್ರ. ಗೋಡೆಯ ಅಂಚು, ಗಿಡದ ಪಾತಿ, ಮೆಟ್ಟಿಲ ಬದಿ ಇಲ್ಲೆಲ್ಲ ಯಂತ್ರ ಹೋಗುವುದಿಲ್ಲ. ಕೈಯಿಂದ ಕತ್ತರಿಸಲು 20 ನಿಮಿಷ. ಹುಲ್ಲನ್ನು ಗೋರಿ ಚೀಲಕ್ಕೆ ತುಂಬಲು 14 ನಿಮಿಷ. ಯಂತ್ರವನ್ನು ಇಳಿಸಿ, ಒರೆಸಿ, ಏರಿಸಲು 10 ನಿಮಿಷ. ಇಲ್ಲಿಗೆ ಒಂದು ಗಂಟೆಯಾಯಿತು. ಬಂದುಹೋಗುವ ದಾರಿಗೆ ಅರ್ಧ ಗಂಟೆ. ಒಟ್ಟು 90 ನಿಮಿಷ. ಕೂಲಿ 112 ರೂಪಾಯಿ 50 ಪೈಸೆ.

ಇದಕ್ಕೆ ಯಂತ್ರದ ಪಾಲನ್ನು ಕೂಡಿಸಬೇಕು. 30,000 ರೂಪಾಯಿಯ ಯಂತ್ರವು 1000 ಗಂಟೆ ದುಡಿದು ಹಳತಾಗುವುದಾದರೆ ಗಂಟೆಗೆ 30 ರೂಪಾಯಿ ಸವೆಯಿತೆಂದೇ ಅರ್ಥ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಸವಕಳಿ ಎಂದು ಹೆಸರು. ಇಂದಿನ ಗಳಿಕೆಯಿಂದ ಇದನ್ನು ಎತ್ತಿಡದವನು ಯಂತ್ರ ಕೆಟ್ಟ ದಿನ ಸಾಲ ಮಾಡಬೇಕಾಗುತ್ತದೆ. ಪೆಟ್ರೋಲು ಗಂಟೆಗೆ 50, ದುರಸ್ತಿ ಮತ್ತು ಮಸೆತ 10 ಎಂದು ಹಿಡಿದರೆ ಒಟ್ಟು ಗಂಟೆಗೆ 90 ರೂಪಾಯಿ. ಯಂತ್ರವನ್ನು ಹೊರಡಿಸಿ ನಿಲ್ಲಿಸುವುದೂ ಸೇರಿ 20 ನಿಮಿಷ ಓಡಿದರೆ 30 ರೂಪಾಯಿ. ಯಂತ್ರವನ್ನು ಹೇರಿಕೊಂಡು ಬರುವ ವಾಹನದ ಖರ್ಚು 40. ಎಲ್ಲ ಸೇರಿ 182 ರೂಪಾಯಿ 50 ಪೈಸೆ ಆಯಿತು.

ಇಷ್ಟಕ್ಕೂ ಲೆಕ್ಕ ಮುಗಿಯಲಿಲ್ಲ. 90 ನಿಮಿಷಕ್ಕೆ ಒಂದು ಕೆಲಸದಂತೆ 8 ಗಂಟೆಯಲ್ಲಿ ಐದು ಮನೆಗಳನ್ನು ಮುಗಿಸಬಹುದು. ಆದರೆ ದಿನವೂ ಐದು ಮನೆಗಳು ಸಿಕ್ಕುವುವೆ? ಮೂರೇ ಸಿಕ್ಕಿದ ದಿನ ಅವನ ಮನೆಯಲ್ಲಿ ಒಲೆ ಉರಿಯಬೇಕಾದರೆ 600 ರೂಪಾಯಿಯ ಕೂಲಿಯನ್ನು ಮೂರು ಮನೆಗಳಿಗೆ ಹಂಚಬೇಕು: ಮನೆಗೆ 200. ಯಂತ್ರದ 30, ವಾಹನದ 40 ಕೂಡಿಸಿದರೆ 270 ರೂಪಾಯಿ. ಕಿಟಕಿಯಿಂದ 20 ಎಂದು ಕಂಡದ್ದು ನಿಜವಾಗಿ 270 ಆಗಿರುವುದನ್ನು ನೋಡಿದಿರಷ್ಟೆ? ಈ 270ರಲ್ಲಿ ಮೋಸವೂ ಇಲ್ಲ, ದುರಾಶೆಯೂ ಇಲ್ಲ. ಕಣ್ಣಿಗೆ ಕಾಣದ ಅಂಶಗಳಿವೆ, ಅಷ್ಟೆ.

ನೆಲ ಇಮ್ಮಡಿಯಾದರೆ ದರವೂ ಇಮ್ಮಡಿಯೆ?

ಇಮ್ಮಡಿಯಾಗುವುದಿಲ್ಲ. ಎರಡು ಗುಂಟೆಯ ಚೌಕದಲ್ಲಿ ಯಂತ್ರ ಓಡುವ ದಾರಿ ಇಮ್ಮಡಿಯಾಗುತ್ತದೆ, ಗೋರುವ ಕೆಲಸವೂ ಇಮ್ಮಡಿಯಾಗುತ್ತದೆ. ಆದರೆ ಅಂಚಿನ ಕೆಲಸ ಸುತ್ತಳತೆಯನ್ನು ಅವಲಂಬಿಸಿದೆ. ಒಂದು ಗುಂಟೆಯ ಚೌಕದ ಸುತ್ತಳತೆ 132 ಅಡಿ. ಎರಡು ಗುಂಟೆಯ ಚೌಕದ್ದು ಸುಮಾರು 187 ಅಡಿ. ಎಂದರೆ ಎರಡರ ವರ್ಗಮೂಲದಷ್ಟು, 1.41 ಪಟ್ಟು ಮಾತ್ರ. ದಾರಿಯ ಸಮಯವಂತೂ ಬದಲಾಗುವುದೇ ಇಲ್ಲ. 90 ನಿಮಿಷದ ಕೆಲಸ ಸುಮಾರು 128 ನಿಮಿಷಕ್ಕೆ ಏರುತ್ತದೆ. ಕೂಲಿ 160, ಯಂತ್ರದ ಪಾಲು 54, ವಾಹನ 40. ಒಟ್ಟು 254 ರೂಪಾಯಿ. ಐದು ಮನೆಗಳ ದಿನದ ದರವಾದ 182 ರೂಪಾಯಿ 50 ಪೈಸೆಗೆ ಹೋಲಿಸಿದರೆ ಇದು 1.4 ಪಟ್ಟು, ಅಷ್ಟೆ.

ಇದರಿಂದ ಒಂದು ಉಪಾಯ ಹೊಳೆಯುತ್ತದೆ. ಅಕ್ಕಪಕ್ಕದ ಎರಡು ಮನೆಯವರು ಒಂದೇ ದಿನ ಒಬ್ಬನನ್ನೇ ಕರೆಸಿದರೆ ದಾರಿಯ ಅರ್ಧ ಗಂಟೆಯೂ ವಾಹನದ 40 ರೂಪಾಯಿಯೂ ಇಬ್ಬರಿಗೆ ಹಂಚಿಹೋಗುತ್ತವೆ. ಮನೆಗೆ 182ರ ಬದಲು 144 ರೂಪಾಯಿ ಬೀಳುತ್ತದೆ. ಕೆಲಸದವನ ನಿಮಿಷದ ಕೂಲಿಯಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ.

ಚೌಕಾಸಿ ಮಾಡಿ ಇಳಿಸಿದ ದರಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸವಿದೆಯೆಂಬುದನ್ನು ಗಮನಿಸಿರಿ. 270 ಕೇಳಿದವನನ್ನು 200ಕ್ಕೆ ಒಪ್ಪಿಸಿದರೆ ಆ 70 ರೂಪಾಯಿ ಎಲ್ಲಿಂದ ಬಂದಿತು? ಪೆಟ್ರೋಲಿನ ಅಂಗಡಿಯವನು ತನ್ನ ದರವನ್ನು ಇಳಿಸಲಿಲ್ಲ, ಯಂತ್ರ ತನ್ನ ಸವೆತವನ್ನು ನಿಲ್ಲಿಸಲಿಲ್ಲ, ದಾರಿ ಗಿಡ್ಡವಾಗಲಿಲ್ಲ. ಇಳಿಯಬಲ್ಲದ್ದು ಒಂದೇ, ಅದು ಮನುಷ್ಯನ ಕೂಲಿ. 200 ಇದ್ದದ್ದು 130 ಆಯಿತು.

ಅಮ್ಮಿನಬಾವಿಯ ನೀರು

ಹಾಗಾದರೆ ಕೆಲಸದವನ ಕೂಲಿಯನ್ನು ಮುಟ್ಟದೆ ಮನೆಯ ಖರ್ಚನ್ನು ಕಡಿಮೆ ಮಾಡಲು ದಾರಿಯುಂಟೆ? ಉಂಟು. ಅದಕ್ಕಾಗಿ ಮತ್ತೆ ಅಮ್ಮಿನಬಾವಿಗೆ ಹೋಗಬೇಕು.

ಹುಲ್ಲುಹಾಸಿನ ಪದ್ಧತಿ ಬೆಳೆದುಬಂದದ್ದು ಇಂಗ್ಲೆಂಡಿನಂಥ ತಂಪು ನಾಡಿನಲ್ಲಿ. ಅಲ್ಲಿ ಮಳೆ ವರ್ಷವಿಡೀ ಹಂಚಿ ಬೀಳುತ್ತದೆ. ಧಾರವಾಡದಲ್ಲಿ ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿದ್ದುಹೋಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಹುಲ್ಲು ಹಸುರಾಗಿರಬೇಕಾದರೆ ನಲ್ಲಿಯ ನೀರೇ ಗತಿ. ಆ ನೀರು ಬರುವುದೆಲ್ಲಿಂದ? ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಅಣೆಕಟ್ಟು ಕಟ್ಟಿ ರೇಣುಕಾಸಾಗರ ಜಲಾಶಯವನ್ನು ನಿರ್ಮಿಸಿದ್ದಾರೆ. ಅಲ್ಲಿಂದ ಪಂಪುಗಳು ಎತ್ತಿದ ನೀರು ಅಮ್ಮಿನಬಾವಿಯಲ್ಲಿರುವ ಶುದ್ಧೀಕರಣ ಘಟಕಕ್ಕೆ ಬಂದು, ತಿಳಿಯಾಗಿ, ಕುಡಿಯಲು ಯೋಗ್ಯವಾಗಿ, ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಹೋಗುತ್ತದೆ.

ಹುಲ್ಲು ಎಷ್ಟು ನೀರು ಕುಡಿಯುತ್ತದೆ? ಬೇಸಿಗೆಯಲ್ಲಿ ನೆಲದಿಂದಲೂ ಎಲೆಗಳಿಂದಲೂ ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಗುವುದೆಂದು ಹಿಡಿಯೋಣ. ಒಂದು ಚದರಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಒಂದು ಗುಂಟೆ ಸುಮಾರು 101 ಚದರಮೀಟರ್. ಆದುದರಿಂದ ದಿನಕ್ಕೆ 500 ಲೀಟರಿಗೂ ಮಿಕ್ಕಿ ನೀರು ಬೇಕು. ನಮ್ಮ ದೇಶದ ನಗರಗಳಲ್ಲಿ ನೀರಿನ ಯೋಜನೆಗಳನ್ನು ಹಾಕುವಾಗ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಎಂದರೆ ಒಂದು ಗುಂಟೆಯ ಹುಲ್ಲು ಹೆಚ್ಚುಕಡಿಮೆ ನಾಲ್ವರ ನೀರನ್ನು ಕುಡಿಯುತ್ತದೆ. ಅದೂ ಶುದ್ಧೀಕರಿಸಿದ ನೀರನ್ನು.

ಅದನ್ನು ಮೇಲಕ್ಕೆತ್ತುವ ಶ್ರಮವನ್ನೂ ನೋಡಿರಿ. 1000 ಲೀಟರ್ ನೀರನ್ನು 100 ಮೀಟರ್ ಎತ್ತರಕ್ಕೆ ಏರಿಸಲು, ಪಂಪಿನ ನಷ್ಟವನ್ನು ಬಿಟ್ಟರೂ, 9 ಲಕ್ಷ 81 ಸಾವಿರ ಜೂಲ್ ಶಕ್ತಿ ಬೇಕು. ವಿದ್ಯುತ್ತಿನ ಲೆಕ್ಕದಲ್ಲಿ ಇದು ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು.

ಈಗ ಹಿಂದೆ ನೆನಪಿನಲ್ಲಿಟ್ಟುಕೊಂಡ ಮಾತನ್ನು ಇಲ್ಲಿ ಜೋಡಿಸಿರಿ. ನೀರು ಹೆಚ್ಚಾದಂತೆ ಹುಲ್ಲು ಬೇಗ ಬೆಳೆಯುತ್ತದೆ. ಬೇಗ ಬೆಳೆದಂತೆ ಯಂತ್ರ ಬೇಗ ಬೇಗ ಬರಬೇಕಾಗುತ್ತದೆ. ಮನೆಯೊಡೆಯನು ಹುಲ್ಲು ಬೆಳೆಸಲು ಒಮ್ಮೆ, ಬೆಳೆದದ್ದನ್ನು ಕತ್ತರಿಸಲು ಇನ್ನೊಮ್ಮೆ ಹಣ ತೆರುತ್ತಾನೆ. ಕರಿಕೆಯು ಬೇಸಿಗೆಯಲ್ಲಿ ಕಂದಿದರೂ ಸಾಯುವುದಿಲ್ಲ. ನೆಲದೊಳಗಿನ ಅದರ ಕಾಂಡ ಜೀವ ಹಿಡಿದಿದ್ದು ಮೊದಲ ಮಳೆಗೆ ಚಿಗುರುತ್ತದೆ. ಎರಡು ಮೂರು ತಿಂಗಳು ಅದನ್ನು ಕಂದಲು ಬಿಟ್ಟರೆ ನೀರೂ ಉಳಿಯುತ್ತದೆ, ಕತ್ತರಿಸುವ ಖರ್ಚೂ ಉಳಿಯುತ್ತದೆ. ಹುಲ್ಲುಹಾಸನ್ನು ಒಂದು ಗುಂಟೆಯಿಂದ ಅರ್ಧ ಗುಂಟೆಗೆ ಇಳಿಸಿ ಉಳಿದ ನೆಲದಲ್ಲಿ ನೆರಳಿನ ಮರವನ್ನೋ ಕರಿಬೇವನ್ನೋ ಬೆಳೆಸಿದರೆ ಇನ್ನೂ ಒಳ್ಳೆಯದು.

ಕಸವೋ, ಮೇವೋ?

ಕೊನೆಯದಾಗಿ ಚೀಲದಲ್ಲಿ ತುಂಬಿದ ಹುಲ್ಲನ್ನು ನೋಡೋಣ. ಹಸಿಹುಲ್ಲಿನ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುತ್ತದೆ. 20 ಕಿಲೋಗ್ರಾಂ ಹಸಿಹುಲ್ಲು ಒಣಗಿದರೆ 5 ಕಿಲೋಗ್ರಾಂ ಉಳಿಯಬಹುದು. ಇದರಲ್ಲಿ ನೂರಕ್ಕೆ ಮೂರು ಪಾಲು ಸಾರಜನಕವಿದೆಯೆಂದರೆ 150 ಗ್ರಾಂ ಆಯಿತು. ಯೂರಿಯಾ ಗೊಬ್ಬರದಲ್ಲಿ ನೂರಕ್ಕೆ 46 ಪಾಲು ಸಾರಜನಕವಿರುವುದರಿಂದ ಈ ಹುಲ್ಲನ್ನು ಕಸದ ಗಾಡಿಗೆ ಹಾಕಿದವನು ಸುಮಾರು 325 ಗ್ರಾಂ ಯೂರಿಯಾವನ್ನು ಹೊರಗೆಸೆದಂತಾಯಿತು. ಸಣ್ಣಗೆ ತುಂಡಾದ ಹುಲ್ಲನ್ನು ಗೋರದೆ ನೆಲದಲ್ಲಿಯೇ ಬಿಟ್ಟರೆ ಅದು ಕೊಳೆತು ಗೊಬ್ಬರವಾಗುತ್ತದೆ. ಗೋರುವ 14 ನಿಮಿಷವೂ ಉಳಿಯುತ್ತದೆ.

ಹತ್ತಿರದಲ್ಲಿ ಎಮ್ಮೆ ಕಟ್ಟಿದವರಿದ್ದರಂತೂ ಅದು ಮೇವು. ಧಾರವಾಡದ ಸೀಮೆ ಎಮ್ಮೆಗಳಿಗೆ ಹೆಸರಾದದ್ದು. ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿಯೆಂಬ ರಾಷ್ಟ್ರೀಯ ಮನ್ನಣೆಯೂ ದೊರೆಯಿತು. ಬರಿಯ ಜೋಳದ ಕಣಿಕೆ ತಿನ್ನುವ ಎಮ್ಮೆಗೆ ಒಂದು ಹೊರೆ ಹಸಿಹುಲ್ಲೆಂದರೆ ಹಬ್ಬ. ಆದರೆ ಎರಡು ಎಚ್ಚರಿಕೆಗಳು ಅವಶ್ಯ: ಕಳೆನಾಶಕವನ್ನಾಗಲಿ ಕೀಟನಾಶಕವನ್ನಾಗಲಿ ಸಿಂಪಡಿಸಿದ ಹುಲ್ಲನ್ನು ದನಕ್ಕೆ ಹಾಕಕೂಡದು, ಚೀಲದಲ್ಲಿ ಕೂಡಿಟ್ಟು ಬಿಸಿಯಾಗಿ ಹುಳಿತ ಹುಲ್ಲನ್ನೂ ಹಾಕಕೂಡದು.

ಈಗ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಮ್ಮಿನಬಾವಿಯ ಬದುವಿನ ಹುಲ್ಲಿಗೂ ಧಾರವಾಡದ ಅಂಗಳದ ಹುಲ್ಲಿಗೂ ಸಸ್ಯಶಾಸ್ತ್ರದಲ್ಲಿ ಭೇದವಿಲ್ಲ. ಭೇದವಿರುವುದು ಅದನ್ನು ಬೇಕೆನ್ನುವವರು ಹತ್ತಿರದಲ್ಲಿದ್ದಾರೆಯೆ ಇಲ್ಲವೆ ಎಂಬುದರಲ್ಲಿ. ಬೇಕೆನ್ನುವವರಿರುವಲ್ಲಿ ಹುಲ್ಲೇ ಕೂಲಿಯಾಗುತ್ತದೆ. ಇಲ್ಲದಲ್ಲಿ ಕೂಲಿಯನ್ನು ಹಣದಲ್ಲಿ ಕೊಡಬೇಕಾಗುತ್ತದೆ. ಕೊಡುವಾಗ ಯಂತ್ರ ಓಡಿದ ನಿಮಿಷಗಳನ್ನಷ್ಟೇ ಎಣಿಸದೆ ದಾರಿ, ಸವಕಳಿ, ಮಸೆತ, ಕೆಲಸ ಸಿಕ್ಕದ ದಿನ ಇವೆಲ್ಲವನ್ನೂ ಎಣಿಸುವುದು ನ್ಯಾಯ. ಖರ್ಚನ್ನು ಇಳಿಸುವುದಿದ್ದರೆ ನೀರಿನಲ್ಲಿ ಇಳಿಸಬೇಕು, ಹುಲ್ಲುಹಾಸಿನ ವಿಸ್ತಾರದಲ್ಲಿ ಇಳಿಸಬೇಕು, ನೆರೆಯವರೊಡನೆ ಹಂಚಿಕೊಂಡು ಇಳಿಸಬೇಕು.

ನೀವೇ ಮಾಡಿ ನೋಡಿರಿ

1. ನಿಮ್ಮ ಶಾಲೆಯ ಅಥವಾ ಕಾಲೇಜಿನ ಅಂಗಳದ ಹುಲ್ಲಿನಲ್ಲಿ ಹತ್ತು ಕಡೆ ಎತ್ತರವನ್ನು ಅಳೆದು ಸರಾಸರಿ ತೆಗೆಯಿರಿ. ಒಂದು ವಾರ ಬಿಟ್ಟು ಅದೇ ಜಾಗಗಳಲ್ಲಿ ಮತ್ತೆ ಅಳೆಯಿರಿ. ದಿನದ ಬೆಳವಣಿಗೆ ಎಷ್ಟು? ಮೂರರಲ್ಲಿ ಒಂದು ಪಾಲಿನ ನಿಯಮದಂತೆ ಎಷ್ಟು ದಿನಕ್ಕೊಮ್ಮೆ ಕತ್ತರಿಸಬೇಕು?

2. ಹುಲ್ಲು ಕತ್ತರಿಸಲು ಬಂದವರನ್ನು ಗೌರವದಿಂದ ಮಾತನಾಡಿಸಿ, ಅವರ ದಿನ ಎಷ್ಟು ಗಂಟೆಗೆ ಮೊದಲಾಗುವುದು, ದಾರಿ ಎಷ್ಟು, ಯಂತ್ರದ ಬೆಲೆ ಎಷ್ಟು ಎಂದು ಕೇಳಿ ತಿಳಿಯಿರಿ. ಮೇಲಿನ ರೀತಿಯಲ್ಲಿ ಅವರ ನಿಜವಾದ ನಿಮಿಷದ ಕೂಲಿಯನ್ನು ಕಂಡುಹಿಡಿಯಿರಿ.

3. ಮೂರು ಗುಂಟೆಯ ಚೌಕ, ಮೂರು ಗುಂಟೆಯದೇ ಆದ ಉದ್ದನೆಯ ಪಟ್ಟಿ ಇವೆರಡರಲ್ಲಿ ಅಂಚಿನ ಕೆಲಸ ಯಾವುದರಲ್ಲಿ ಹೆಚ್ಚು? ಏಕೆ?